ಬೆಳ್ಗಣ್ಣ ಯಾವುದು, ಮಧುರಕಂಠ ಯಾವುದು

...ಮಧುರಕಂಠನಾ? ಅದನ್ನ ಮಧುರಕಂಠ ಅಂದೋನು ಯಾರಮ್ಮ ಸುಮಿತಾ? ಸೊಣ್ಣಪ್ಪನೇ ತಾನೆ? ಥೂ. ಟೀ ಅಂಗಡಿ ಬೆಂಚಿನ ಮೇಲೆ ಕೂತು ಬನ್ನು ಅದ್ದಿ ತಿನ್ನೋ ಬಾಯಲ್ಲಿ ಹಕ್ಕಿ ಹೆಸರು ಬೇರೆ. ನಿನ್ನೆ ತಿಂದ ಬನ್ನಿನ ಚೂರು ಇವತ್ತೂ ಮೀಸೆ ಮೇಲೆ ಇರ್ತೈತೆ ಅವನಿಗೆ. ಅದನ್ನ ನೋಡಿದ್ರೆ ನಾನು ಕುಡಿದ ಟೀ ವಾಪಸ್ ಬತ್ತೈತೆ. ಯಾಕೆ ನಗ್ತೀಯ? ನಗಬೇಡ, ಹಕ್ಕಿ ಎದ್ದು ಓಗ್ತವೆ.

ನೋಡಲ್ಲಿ, ಆ ಹೊಂಗೆ ಮರದಲ್ಲಿ. ಒಂದಲ್ಲ, ಎರಡಲ್ಲ, ದಂಡೇ ಐತೆ. ಹಸಿರು ಬೆನ್ನು, ಹಳದಿ ಕತ್ತು, ಕಣ್ಣಿನ ಸುತ್ತ ಸುಣ್ಣದಲ್ಲಿ ಬರೆದಂಗೆ ಬಿಳೀ ಬಳೆ. ಅದು ಬೆಳ್ಗಣ್ಣ. ಒಂದು ಕಡೆ ಕೂರೋ ಜಾತಿ ಅಲ್ಲ. ಒಂದು ಹಾರಿದ್ರೆ ಎಲ್ಲಾ ಹಾರ್ತವೆ, ಬಂಗಾರಪೇಟೆ ಸ್ಟೇಷನ್ನಲ್ಲಿ ಪ್ಲಾಟ್‌ಫಾರಂ ಬದಲಾಯ್ತು ಅಂದ್ರೆ ಜನ ಎದ್ದು ಓಡ್ತಾರಲ್ಲ, ಅಂಗೆ. ಮಧುರಕಂಠಂಗೆ ಕಣ್ಣಿಗೆ ಬಳೆ ಇಲ್ಲ. ಕರೀ ರೆಕ್ಕೆ ಮೇಲೆ ಎರಡು ಬಿಳೀ ಪಟ್ಟೆ, ಒಟ್ಟೆ ಪೂರ್ತಿ ಹಳದಿ. ಗಂಡ ಹೆಂಡ್ತಿ ಇಬ್ರೇ ಓಡಾಡೋದು. ಒಂದೊಂದೇ ಎಲೆ ಬುಡಕ್ಕೆ ಬಗ್ಗಿ ಹುಳ ಹುಡುಕ್ತವೆ, ನಿಮ್ಮ ಚಿಕ್ಕಮ್ಮ ಸಂತೆಯಲ್ಲಿ ಬೆಂಡೆಕಾಯಿ ಆರಿಸ್ದಂಗೆ. ಇಷ್ಟು ಗೊತ್ತಿಲ್ಲದೋನು ಹಕ್ಕಿ ಬಗ್ಗೆ ಮಾತಾಡ್ತಾನೆ, ಥೂ.

ಏನು, ಕೂಗಾ? ಆ ಮಾತಿಗೇ ಬರ್ತೀನಿ ಇರು, ಅದಕ್ಕೇ ತಾನೆ ನಿನ್ನ ಈ ಕೋರಮಂಡಲ್ ಗಣಿ ಮಣ್ಣಿನ ದಿಬ್ಬದ ಹಿಂದಕ್ಕೆ ಕರ್ಕೊಂಡು ಬಂದಿದ್ದು. ನಿಮ್ಮ ಚಿಕ್ಕಪ್ಪ ಈ ಮುನೀಂದ್ರನಿಗೆ ಕಿವಿ ಕೇಳಲ್ಲ ಅಂತ ಆ ಸೊಣ್ಣಪ್ಪ ಊರೆಲ್ಲಾ ಸಾರವ್ನೆ. ಕ್ಯಾಸಂಬಳ್ಳಿ ರೋಡಲ್ಲಿ ಲಾರಿಯವನು ಹಾರನ್ ಹೊಡೆದೂ ಹೊಡೆದೂ ಸಾಕಾದ್ರೂ ನಾನು ಪಕ್ಕಕ್ಕೆ ಓಗಲಿಲ್ವಂತೆ. ನೀನೂ ಅದನ್ನ ನಂಬ್ಕೊಂಡು, ನಾಳೆಯಿಂದ ನಿನ್ನ ಮಗಳು ಲಿಖಿತಾನ ಚಿಕ್ಕಪ್ಪನ ಟಿವಿಎಸ್ ಮೇಲೆ ಸ್ಕೂಲಿಗೆ ಕಳಿಸಲ್ಲ ಅಂತೀಯ. ಹೆತ್ತೋಳು, ಭಯ ಇರ್ತೈತೆ. ಸರಿ. ಆದ್ರೆ ಆ ಮಗು ನನ್ನ ಬೆನ್ನಿಗೆ ಒರಗ್ಕೊಂಡು ದಾರಿ ಉದ್ದಕ್ಕೂ ಕತೆ ಏಳ್ತಾ ಬತ್ತಾಳೆ ಕಣಮ್ಮ. ಒಂದೊಂದು ಮಾತೂ ಕೇಳಿಸ್ತೈತೆ ನಂಗೆ.

ಯಾವ ಕತೆ ಅಂದ್ರೆ? ಈಗ ಅದೆಲ್ಲಾ ಯಾಕೆ.

ಇವು ಎಂಥಾ ಕಿವಿ ಗೊತ್ತಾ? ಗಣಿಯ ತಳದಲ್ಲಿ ಜಿರಳೆ ಕೆಮ್ಮಿದ್ರೆ ಅದು ಗಂಡೋ ಹೆಣ್ಣೋ ಅಂತ ಏಳಿ, ಮೇಸ್ತ್ರಿ ಕೈಲಿ ಶಭಾಷ್ ಅನ್ನಿಸ್ಕೊಂಡ ಕಿವಿ. ಡ್ರಿಲ್ ಹಿಡಿದು ಬಂಡೆ ಕೊರೆಯೋವಾಗ, ಆ ಗದ್ದಲದಲ್ಲೂ, ಮೇಲೆ ಉರಿಗಾಂ ಮನೇಲಿ ನಿಮ್ಮ ಚಿಕ್ಕಮ್ಮ ಒಗ್ಗರಣೆ ಹಾಕಿದ್ದು ಕೇಳಿಸ್ತಿತ್ತು. ಸಾಯಂಕಾಲ ಓಗಿ, ಸಾಸಿವೆ ಕಮ್ಮಿ ಸಿಡಿತು ಇವತ್ತು ಅಂತ ಬಯ್ತಿದ್ದೆ. ಬೇಕಿದ್ರೆ ಅವಳನ್ನೇ ಕೇಳು.

ಫೋನಲ್ಲಿ ಎಲ್ಲಾ ಹಕ್ಕಿ ಕೂಗೂ ಐತಾ? ಅಸಹ್ಯ. ಒಳಗಿಡು ಅದನ್ನ. ಡಬ್ಬಿ ಕೂಗು ಯಾರಿಗೆ ಬೇಕು? ಮರದ ಹಕ್ಕಿ ಕೂಗಲಿ, ಯಾವುದು ಅಂತ ನಾನು ಏಳ್ತೀನಿ. ಸೋತ್ರೆ ಗಾಡಿ ಕೀ ನಿನಗೆ.

ಅಯ್ಯಪ್ಪಾ... ಗಾಳಿ ತಿರುಗ್ತು ನೋಡು. ನಾತ. ಆ ಲಂಟಾನ ಪೊದೆ ಬುಡದಲ್ಲಿ. ಕೋಳಿ ಪುಕ್ಕ, ಕರುಳು, ಕಾಲು, ಎಲ್ಲಾ ಕವರಲ್ಲಿ ಕಟ್ಟಿ ಬಿಸಾಕವ್ರೆ. ನೊಣ ನೋಡು, ಕರೀ ಕಂಬಳಿ ಹೊದಿಸ್ದಂಗೆ. ಬಂಗಾರ ತೆಗೆದ ನೆಲಕ್ಕೆ ಕರುಳು ತುಂಬ್ತಾವ್ರಲ್ಲ, ಮನುಷ್ಯರೇನಮ್ಮ ಇವರು?

ಮೂಗು ಮುಚ್ಕೋ, ಬೇಡ ಅನ್ನಲ್ಲ. ಬಾಯಿ ಯಾಕೆ ಮುಚ್ಕೊಂತೀಯ? ದುಪಟ್ಟಾ ಒಂಚೂರು ಕೆಳಗಿಳಿಸು. ನಾತಕ್ಕೆ ಬಾಯಿ ಏನು ಮಾಡ್ತು?

...ಹೂಂ. ಹೂಂ. ಸರಿ ನೀನು ಏಳೋದು.

ಯಾಕೆ ತಲೆ ಅಲ್ಲಾಡಿಸ್ತೀಯ? ಸರಿ ಅಲ್ವಾ? ಸರಿ ಅಲ್ಲ ಅಂತಾನೇ ನಾನೂ ಅಂದಿದ್ದು. ಗಾಳಿ ಜೋರಾಗೈತೆ ಕಣಮ್ಮ, ಅದಕ್ಕೆ. ಮುಖ ಮುಚ್ಕೊಂಡು ಮಾತಾಡೋರನ್ನ ಕಂಡ್ರೆ ನಂಗೆ ಮೊದಲಿಂದ್ಲೂ ಆಗಲ್ಲ. ಓಗ್ಲಿ ಬಿಡು. ನಾನು ಮರ ನೋಡ್ತೀನಿ, ನೀನು ಸುಮ್ಕಿರು.

ಹಾಂ, ಈಗ. ಬೆಳ್ಗಣ್ಣ. ಚೀ ಚೀ ಅಂತ ಸಣ್ಣಗೆ... ಕೊಕ್ಕು ಆಡ್ತಾ ಐತೆ ನೋಡು. ಅಂದ್ರೆ ಕೂಗ್ತಾ ಐತೆ. ಆ ಕಡೆಯದೂ ಕೂಗ್ತು. ಎಲ್ಲಾ ಗೊತ್ತಾಗ್ತೈತೆ ನಂಗೆ. ಆ ಸೊಣ್ಣಪ್ಪನ್ನ ಕರ್ಕೊಂಡು ಬಂದು ಇಲ್ಲಿ ನಿಲ್ಲಿಸಬೇಕಿತ್ತು, ಈ ಕವರುಗಳ ಮಧ್ಯದಲ್ಲೇ.

ಏ, ಓದವು. ಬೆಳ್ಗಣ್ಣ ಎಲ್ಲಾ ಓದವು. ಇರು... ಇದ್ಯಾವುದು ಇಳೀತು?

ಅಲ್ಲಾಡಬೇಡ ಸುಮಿತಾ. ಮಧುರಕಂಠ. ಎರಡು ಪಟ್ಟೆ ಕಾಣ್ತಾ ಐತಾ? ಯಾವತ್ತೂ ಇಷ್ಟು ಹತ್ರ ಬಂದಿಲ್ಲ ಇದು, ಕೈಗೆ ಎಟುಕೋ ಕೊಂಬೆ. ಪುಕ್ಕ ಎಲ್ಲಾ ಉಬ್ಬಿಸ್ಕೊಂಡು ಹತ್ತಿ ಉಂಡೆ ಆಗೋಗೈತೆ. ಎಷ್ಟು ಚೆಂದ ಐತೆ. ಜಗಳಕ್ಕೆ ಬಂದೋನಂಗೆ ನಮ್ಮ ಕಡೇನೇ ನೋಡ್ತಾ ಐತಲ್ಲ. ಇನ್ನೊಂದು ಗಂಡು ಬಂದು ಇದರ ಜಾಗದಲ್ಲಿ ಕೂಗಿದ್ರೆ ಮಾತ್ರ ಇಂಗೆ ಬರೋದು. ಇಲ್ಲಿ ಯಾವುದೂ ಕೂಗಲೇ ಇಲ್ವಲ್ಲ... ನನ್ನ ಮೀಸೆ ನೋಡೋಕೆ ಬಂದೈತೆ ಬಿಡು. ಅಲ್ವೇನಮ್ಮ?

ಸುಮಿತಾ?

ನೀನ್ಯಾವಾಗ ನನ್ನ ಬೆನ್ನ ಹಿಂದಕ್ಕೆ ಬಂದೆ? ಫೋನು ಯಾಕೆ ನನ್ನ ಕಿವಿ ಹತ್ರ ಹಿಡಿದಿದ್ದೀಯ?

ಕೊಡಿಲ್ಲಿ, ನೋಡೋಣ. ಹಳದಿ ಒಟ್ಟೆ, ಎರಡು ಪಟ್ಟೆ. ಇದೇ ಹಕ್ಕಿ ಚಿತ್ರ. ಕೆಳಗೆ ಗೆರೆ ಕುಣೀತಾ ಐತೆ, ಮೇಲಕ್ಕೂ ಕೆಳಕ್ಕೂ...

ಆಗಿನಿಂದ ಕೂಗ್ತಾನೇ ಐತಾ ಈ ಫೋನು?

ಯಾಕಮ್ಮ ಸುಮ್ಕಿದ್ದೀಯ? ಸುಮ್ಕಿದ್ದೀಯೋ... ಇಲ್ಲ ಆ ದುಪಟ್ಟಾ ಒಳಗೆ ಏನಾದ್ರೂ ಏಳ್ತಾ ಇದ್ದೀಯೋ?

ಬೇಡ, ತೆಗೀಬೇಡ. ನಾತ ಐತೆ.

ತಗೋ, ಕೀ. ಲಿಖಿತಾಗೆ ಮಾತ್ರ ತಾತನ ಗಾಡಿ ಕೆಟ್ಟೈತೆ ಅಂತ ಏಳು. ಸೊಣ್ಣಪ್ಪಂಗೂ ಅಂಗೇ ಏಳು.