ಹೊಸ ಬಣ್ಣದ ವಿಡಿಯೋ ಗೇಮ್

ಹಿಂದೂಪುರದ ಪಂಕ್ಚರ್ ಅಂಗಡಿಯಲ್ಲಿ ನನ್ನ ಸ್ಕೂಟರಿಗಿಂತ ಮುಂದೆ ಒಂದು ಟೆಂಪೋ ನಿಂತಿತ್ತು. ಹಿಂದೆ ಟಾರ್ಪಾಲು ಹೊದ್ದ, ಬೀರುವಿನಷ್ಟು ಎತ್ತರದ ಹಳೇ ವಿಡಿಯೋ ಗೇಮ್ ಪೆಟ್ಟಿಗೆ. ಅದನ್ನು ಮದುರೈಯಿಂದ ಕಲ್ಯಾಣದುರ್ಗಕ್ಕೆ ಒಯ್ಯುತ್ತಿದ್ದ ಅಣ್ಣತಮ್ಮಂದಿರು ನನ್ನ ಪಕ್ಕದಲ್ಲೇ ಕೂತಿದ್ದರು.

“ಬಣ್ಣ ಹೊಡಿ ಅಂತ ಯಾರು ಹೇಳಿದ್ದು ಗಂಗರಾಜು?” ಅಣ್ಣ ಕೇಳಿದ.

“ನಾನೇ ಮದುರೈನವರಿಗೆ ಫೋನ್ ಮಾಡಿದ್ದೆ ಕಣಣ್ಣ. ಅತ್ತಿಗೆ ನೋಡೋದಲ್ವಾ, ನೀಟಾಗಿ ಮಾಡಿಕ್ಕಿ ಅಂದೆ.”

“ನಮ್ ರವಿ ಅದ್ರ ಮೇಲೆ ಮೊಳೇಲಿ ಹೆಸ್ರು ಗೀಚಿದ್ದ ಕಣ್ಲಾ. ಆ ಹೆಸ್ರಿಗೇ ಇಷ್ಟ್ ದೂರ ಹೋಗಿದ್ದು, ಈಗ ಬಣ್ಣದಡಿ ಮುಚ್ಚೋಯ್ತು.”

“ನಂಗೊತ್ತಿರ್ಲಿಲ್ಲ. ಆಟಕ್ಕೆ ಅನ್ಕೊಂಡೆ.”

“ಮಗ ಸತ್ಮೇಲೆ ಆಟ ಯಾರಿಗ್ಲಾ ಬೇಕು? ಗೇಮ್ ಅಂಗಡಿ ಮುಚ್ಚಿ ಇದನ್ನ ಮಾರ್ಬುಟ್ಟೆ ಅಂತ, ಅವತ್ತಿಂದ ಅವಳು ನನ್ನತ್ರ ಒಂದು ಮಾತಾಡಿಲ್ಲ.”

“ನಾವೇ ಗೀಚಿದ್ರೆ?”

“ಅವನ ಅಕ್ಷರ ಅವಳಿಗೆ ಗೊತ್ತಿಲ್ವಾ?”

ಪಂಕ್ಚರ್‌ನವನು ಟಯರಿನಿಂದ ಕಿತ್ತ ಮೊಳೆಯನ್ನು ಎಸೆಯಲು ಹೋದ. ಅಣ್ಣ ಕೈಚಾಚಿ ಅದನ್ನು ಇಸಕೊಂಡು ಜೇಬಿಗೆ ಹಾಕಿಕೊಂಡ.

“ಅತ್ತಿಗೆ ಕಂಡುಹಿಡಿದ್ಬುಡ್ತಾಳೆ ಅಣ್ಣ.”

“ಹಿಡೀಲಿ, ಗಾಡಿ ತೆಗಿ,” ಅಂದ ಅಣ್ಣ, ಟೆಂಪೋ ಹತ್ತುತ್ತಾ. “ಬೈಯಕ್ಕಾದ್ರೂ ಬಾಯ್ಬಿಡ್ತಾಳೆ.”