ಏಳನೇ ಬಿಲ್ಲೆ

...ಅಯ್ಯೋ, ಅಲ್ಲೇ ಎಲ್ಲೋ ಬಿದ್ದಿರುತ್ತೆ ಅತ್ತಿಗೆ! ಬಿಲ್ಲೆ ಅಂದ್ರೆ ಎಷ್ಟಗಲ? ಹೆಬ್ಬೆರಳಿನ ಉಗುರಿಗಿಂತ ಚೂರು ದೊಡ್ಡದು. ಮಂಚದ ಕೆಳಗೆ, ಬೀರು ಸಂದಿಯಲ್ಲಿ... ಅಣ್ಣ ಹೋದ ದಿನ ಆ ಕೋಣೆಗೆ ಎಷ್ಟು ಜನ ನುಗ್ಗಿದ್ರು! ಯಾರ ಚಪ್ಪಲಿಗೆ ಸಿಕ್ಕಿ ಎಲ್ಲಿಗೆ ಹೋಯ್ತೋ. ನಾನೇ ಬಂದು ಹುಡುಕಿಕೊಡ್ತೀನಿ. ಭಾನುವಾರ ಬರ್ತೀನಿ. ಬೇಡ, ನಾಳೇನೇ ಬರ್ತೀನಿ.

ಕೂತ್ಕೊಳ್ಳಿ. ಆ ಸ್ಟೂಲ್ ಬೇಡ, ಅಂಟು ಚೆಲ್ಲಿದೆ, ಸೀರೆಗೆ ಹತ್ತಿಬಿಡುತ್ತೆ. ಬೈಂಡಿಂಗ್ ಅಂಗಡಿ ಅಂದ್ರೆ ಇಷ್ಟೇ, ಎಲ್ಲಿ ಕೈ ಇಟ್ರೂ ಅಂಟು. ಅದಕ್ಕೇ ಅಲ್ವಾ ಅಣ್ಣ ನನಗೆ ಗೋಂದು ಅಂತ ಹೆಸರಿಟ್ಟಿದ್ದು! ‘ಏ ಗೋಂದು, ಹಿಡಿದದ್ದನ್ನ ಬಿಡೋನಲ್ಲ ನೀನು’ ಅಂತ... ನಿಂತೇ ಇರ್ತೀರಾ? ಬಾಗಿಲು ಯಾಕೆ ಹಾಕಿದ್ರಿ? ಸೆಕೆ ಅತ್ತಿಗೆ. ಇರಲಿ, ಇರಲಿ ಬಿಡಿ. ತೆಗೀಬೇಡ ಅಂದ್ರೆ ತೆಗಿಯಲ್ಲ.

ಟ್ರೇ ಇಲ್ಲಿಡಿ. ಈ ಪುಸ್ತಕಗಳನ್ನ ಸರಿಸ್ತೀನಿ. ಅಬ್ಬಾ... ಮೂರು ವಾರ ಆಯ್ತು ಇವುಗಳನ್ನ ನೋಡಿ. ಹನ್ನೆರಡು ಗುಳಿ, ಹನ್ನೊಂದು ಬಿಲ್ಲೆ. ನಿಮಗೆ ಇವು ಬರೀ ಕಲ್ಲು. ಅಣ್ಣನ ಹುಚ್ಚು ಅಂತ ಬೈತಿದ್ರಿ, ನಾನೂ ಅದೇ ಹುಚ್ಚಿನವನು ಅಂತ ನನಗೂ ಬೈತಿದ್ರಿ. ಸರಿಯೇ. ಇಬ್ಬರೂ ಊರೂರು ಅಲೆದು ಟೂರ್ಮಲಿನ್ ಅನ್ನೋ ಬಣ್ಣದ ಹರಳು ಕೂಡಿಸಿದ್ದೇ ಕೂಡಿಸಿದ್ದು. ಮನೆಯಲ್ಲಿ ಅಂಥ ಟ್ರೇ ಒಂಬತ್ತಿವೆ. ಆದ್ರೆ ಈ ಹನ್ನೆರಡು ಇದೆಯಲ್ಲ, ಒಂದೇ ಹರಳಿನಿಂದ ಬಂದವು. ಸೌತೆಕಾಯಿ ಹೆಚ್ಚಿದ ಹಾಗೆ ಅಡ್ಡಡ್ಡ ಕೊಯ್ದದ್ದು. ಹೊರಗಿನಿಂದ ನೋಡಿದ್ರೆ ಆ ಹರಳು ಕರೀ ಕಡ್ಡಿ. ‘ಇದನ್ನ ಯಾಕೆ ತಂದ್ರಿ ಅಣ್ಣ, ಒಲೆಗಾ?’ ಅಂದಿದ್ದೆ ನಾನು! ಕನ್ನಡಕದ ಗಾಜು ಉಜ್ಜೋ ಕೈ ಅಲ್ವಾ ಅವರದ್ದು, ಅದೇ ಸಾಣೆಯಲ್ಲಿ ಒಂದೊಂದನ್ನೂ ವಾರಗಟ್ಟಲೆ ಉಜ್ಜಿದ್ರು. ಮೊದಲನೆಯದು ನೋಡಿ, ಪೂರ್ತಿ ಹಸಿರು. ಮೂರನೆಯದರಲ್ಲಿ ನಡುವೆ ಒಂದು ಕೆಂಪು ಚುಕ್ಕಿ. ಐದು, ಆರು... ಚುಕ್ಕಿ ಮೂರು ಮೂಲೆಗೂ ಕಾಲು ಚಾಚ್ತಾ ಬರುತ್ತೆ. ಏಳಕ್ಕೆ...

ಹೌದು. ಏಳನೆಯದೇ ಇಲ್ಲ. ಗೊತ್ತಾಯ್ತು ಅತ್ತಿಗೆ, ಎಷ್ಟು ಸಲ ಅಂತ ಆ ಗುಳಿ ತೋರಿಸ್ತೀರಿ?

ಯಾಕೆ ನನ್ನ ಜೇಬು ನೋಡ್ತೀರಿ? ಬೀಡಿ ಇದೆ. ಬಿಟ್ಟಿದ್ದೆ, ಮತ್ತೆ ಶುರು ಮಾಡಿದೀನಿ. ಅಲ್ಲ, ನಾನು ಮುಟ್ಟಿಕೊಂಡೆ ಅಂತ ನೋಡಿದ್ರಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋ ಹಾಗಾಯ್ತು ನನ್ನ ಕಥೆ! ಹಹ್ಹ... ನಗಿ ಅತ್ತಿಗೆ, ತಮಾಷೆಗೆ ಅಂದೆ.

ನಗಲ್ವಾ.

ನಿಮ್ಮ ಲೆಕ್ಕ ನನಗೆ ಅರ್ಥ ಆಗುತ್ತೆ. ಅವತ್ತು ಆರು ಬಿಲ್ಲೆ ಕಿಟಕಿ ಕಟ್ಟೆ ಮೇಲೆ ಸಾಲಾಗಿ, ಐದು ಟ್ರೇನಲ್ಲಿ. ಮೂರು ಗಂಟೆಗೆ ಬಿಸಿಲು ಆ ಕಟ್ಟೆಗೆ ಬರುತ್ತೆ, ಅಣ್ಣ ಒಂದೊಂದನ್ನೇ ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ಕಟ್ಟೆ ಮೇಲಿಡೋರು. ಒಂದು ಕೈಯಲ್ಲಿರೋವಾಗ ಇನ್ನೊಂದನ್ನ ಮುಟ್ಟೋ ಪೈಕಿ ಅಲ್ಲ. ಬಿಸಿಲಿಗೆ ಬಿಲ್ಲೆ ಕಾದ್ರೆ ಸಾಕು, ಗಾಳಿಯಲ್ಲಿರೋ ಧೂಳೆಲ್ಲಾ ಎಳ್ಕೊಂಡು ಮೈಗೆ ಅಂಟಿಸಿಕೊಳ್ಳುತ್ತೆ. ಆ ಕಲ್ಲಿನ ಜಾತಿಯೇ ಹಾಗೆ. ಕನ್ನಡಕದ ಬಟ್ಟೆಯಲ್ಲಿ ಒರೆಸ್ತಾ, ಒರೆಸ್ತಾ... ಹಾಗಾದ್ರೆ ಅಣ್ಣ ಕುಸಿದು ಬಿದ್ದಾಗ ಏಳನೆಯದು ಕೈಯಲ್ಲೇ ಇತ್ತು ಅಂತ ನೀವು. ಇತ್ತೇನೋ! ನಾನು ಬಂದಾಗ ಕೈ ಖಾಲಿ. ನಾಲ್ಕು ಗಂಟೆಗೆ ಬಂದೆ, ಎಲ್ಲಾ ಮುಗಿದಿತ್ತು, ಆಮೇಲೆ ಎದುರುಗಡೆ ಡಾಕ್ಟರನ್ನ ಕರ್ಕೊಂಡು ಬಂದೆ. ಅವತ್ತೇ ಹೇಳಿದೆ. ಎಲ್ಲರಿಗೂ ಅದೇ ಹೇಳಿದೆ. ನೀವು ಹೊಲಿಗೆ ಕ್ಲಾಸಿಂದ ಓಡಿ ಬಂದಾಗ ನಿಮಗೂ ಹೇಳಿದೆ!

ಕದ್ದೆ ಅಂತೀರಾ? ನಾನು ಕದಿಯೋದಾದ್ರೆ ಏಳನೆಯದನ್ನ ಯಾಕೆ ಕದೀಲಿ? ಮಾರಾಟ ಮಾಡೋಕೆ ಆಗಲ್ಲ, ಒಂಟಿ ಬಿಲ್ಲೆಗೆ ಏನು ಬೆಲೆ? ಚೆಂದ, ಅದು ನಿಜ. ಅಷ್ಟು ಚೆಂದ ಮತ್ತೊಂದಿಲ್ಲ. ಮೂರು ಕಾಲಿನ ನಕ್ಷತ್ರ, ಸುತ್ತ ಹಸಿರು ಅಂಚು, ಹಿಂದೆ ಮುಂದೆ ಎರಡೂ ಕಡೆ ಕನ್ನಡಿಯಂಥ ನುಣುಪು. ಬೆಳಕಿಗೆ ಹಿಡಿದ್ರೆ ಆಚೆಗಿನ ಮರದ ಎಲೆ ಕೂಡ ಕಾಣುತ್ತೆ, ಅಷ್ಟು...

ಏನು? ಯಾಕೆ ಹಾಗೆ ನೋಡ್ತೀರಿ?

ಎರಡೂ ಕಡೆ ಅಂದ್ನಾ? ಒಂದು ಕಡೆ ಒರಟಾಗಿತ್ತು, ಹೌದೌದು. ಸಣ್ಣ ಬಿರುಕಿತ್ತು, ಸಾಣೆಗೆ ಕೊಟ್ರೆ ಎರಡು ಹೋಳಾಗುತ್ತೆ ಅಂತ ಅಣ್ಣ ಎಷ್ಟೋ ವರ್ಷ ಆ ಕಡೆ ಮುಟ್ಟಿರಲಿಲ್ಲ. ಬಾಯಿ ತಪ್ಪಿ ಅಂದೆ... ಉಜ್ಜಿದ್ರಾ? ಯಾವಾಗ? ಅಣ್ಣ ಹೋದ ದಿನವೇ ಬೆಳಗ್ಗೆ? ಕನ್ನಡಕದ ಅಂಗಡಿಗೂ ಹೋಗದೆ, ನಿಮ್ಮ ಎದುರಿಗೇ... ಹಾಂ, ಹೇಳಿದ್ರು, ಹೇಳಿದ್ರು! ಫೋನ್ ಮಾಡಿ ಹೇಳಿದ್ರು. ಮಧ್ಯಾಹ್ನ.

ಅವತ್ತು ಫೋನ್ ರಿಪೇರಿಗೆ ಕೊಟ್ಟಿದ್ರಾ?

ಅತ್ತಿಗೆ, ಏನಾದ್ರೂ ಅನ್ನಿ. ಬೈದುಬಿಡಿ. ಮೂರು ವಾರದಿಂದ ಹೆದರಿಕೆ ನನಗೆ. ಯಾರು ಬಾಗಿಲಿಗೆ ಬಂದ್ರೂ ನೀವೇ ಅಂತ ತಲೆ ತಗ್ಗಿಸಿ ಅಂಟು ಕಲಸ್ತಾ ಕೂರ್ತೀನಿ. ಇವತ್ತು ನಿಜವಾಗಿ ನೀವೇ ಬಂದ್ರಿ...

ಇದೇನು ಚೀಟಿ? ಆ ಗುಳಿಯಲ್ಲಿತ್ತಾ? ಹಾಸಿದ ಬಟ್ಟೆ ಕೆಳಗಾ? ಕೊಡಿ. ಅಣ್ಣನ ಅಕ್ಷರ. ‘ಏಳನೆಯದು ಗೋಂದಿಗೆ. ಎರಡೂ ಕಡೆ ಉಜ್ಜಿದ ಮೇಲೆ.’

ಎರಡೂ ಕಡೆ ಉಜ್ಜಿದ ಮೇಲೆ...

ನನಗೇ ಕೊಡೋಕಾ? ನಾನು ಎಷ್ಟು ಸಲ ಕೇಳಿದ್ದೆ, ‘ನಾನು ಸತ್ತ ಮೇಲೆ ತಗೊಳ್ಳೋ’ ಅಂತ ನಗ್ತಿದ್ರಲ್ಲ! ಒಂದು ಮಾತು ಹೇಳಬಾರದಿತ್ತಾ? ಸಂಜೆ ಕರೆದು ಕೊಡೋಣ ಅಂತಿದ್ರಾ? ಹೇಳಿ ಅತ್ತಿಗೆ, ಸಂಜೆಗಾ?

ತಗೊಳ್ಳಿ. ಇಗೋ. ಬೀಡಿ ಇಲ್ಲ, ಇದೇ ಇರೋದು ಜೇಬಲ್ಲಿ. ನೋಡಿ, ಮೈ ಬಿಸಿಗೆ ಕಾದು ಜೇಬಿನ ನೂಲು, ಕಾಗದದ ಪುಡಿ ಎಲ್ಲಾ ಅಂಟಿಸಿಕೊಂಡಿದೆ. ಎಷ್ಟು ಒರೆಸಿದ್ರೂ ಮತ್ತೆ ಹತ್ತುತ್ತೆ. ಮನೆಯಲ್ಲಿ ಇಡೋಕೆ ಭಯ, ಬಿಸಾಕೋಕೆ ಕೈ ಬರಲ್ಲ.

ನಾಲ್ಕಕ್ಕಲ್ಲ ಅತ್ತಿಗೆ. ಮೂರೂಕಾಲಿಗೇ ಬಂದಿದ್ದೆ. ನಾನು ಒಳಗೆ ಕಾಲಿಡೋದಕ್ಕೂ ಅಣ್ಣ ಕಿಟಕಿ ಹತ್ರ ಕುಸಿಯೋದಕ್ಕೂ ಸರಿಯಾಯ್ತು. ಮುಷ್ಟಿ ಬಿಗಿಯಾಗಿತ್ತು. ಬಿದ್ದು ಒಡೆದು ಹೋಗುತ್ತೆ ಅನ್ನಿಸ್ತು... ಅಣ್ಣನಲ್ಲ, ಬಿಲ್ಲೆ! ಎಂಥ ಮನುಷ್ಯ ನೋಡಿ ನಾನು. ಬೆರಳು ಬಿಡಿಸಿ ತಗೊಂಡೆ. ಡಾಕ್ಟರನ್ನ ಕರೆಯೋಕೆ ಅಂತಲೇ ಮಹಡಿ ಇಳಿದೆ, ನನ್ನಾಣೆ, ಓಡಿಯೇ ಇಳಿದೆ. ಮೆಟ್ಟಿಲ ತಿರುವಿನಲ್ಲಿ ಸಣ್ಣ ಕಿಟಕಿ ಇದೆಯಲ್ಲ... ಬಿಸಿಲು ಬೀಳ್ತಿತ್ತು. ಒಂದೇ ಒಂದು ಸಲ ನೋಡಿಬಿಡ್ತೀನಿ ಅಂತ ಎತ್ತಿ ಹಿಡಿದೆ. ಅಷ್ಟೇ. ಹಿಂದೆ ತಿರುಗಿಸಿ ನೋಡಿದೆ. ಆ ಕಡೆಯೂ ಕನ್ನಡಿ! ಯಾವಾಗ ಉಜ್ಜಿದ್ರಪ್ಪಾ ಅಂತ ಮೆಟ್ಟಿಲ ಮೇಲೆ ಕೂತೆ. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಬಿಸಿಲು ಆ ಕಿಟಕಿಯಿಂದ ಸರಿದ ಮೇಲೆ ಎದ್ದೆ.

ಡಾಕ್ಟರ ಮನೆ ಎದುರಿಗೇ ಇತ್ತು ಅತ್ತಿಗೆ. ರಸ್ತೆ ದಾಟೋದಷ್ಟೇ.

ಬಾಗಿಲ ಕಡೆ ಹೋಗಬೇಡಿ. ಇನ್ನೂ ಒಂದಿದೆ. ಅದನ್ನ ಹೇಳದಿದ್ರೆ ಇವತ್ತೂ ನಾನು ನಿದ್ದೆ ಮಾಡಲ್ಲ. ಬೆರಳು ಬಿಡಿಸಿದ್ನಲ್ಲ, ಆಗ ಅಣ್ಣನಿಗೆ ಜೀವ ಇತ್ತು. ನನ್ನನ್ನೇ ನೋಡ್ತಿದ್ರು. ಬಿಲ್ಲೆ ಬಿಟ್ಟುಬಿಟ್ರು, ಎಳೆದಾಡಲೇ ಇಲ್ಲ. ಬಿಟ್ಟ ಕೈ ಮತ್ತೆ ಬಂದು ಹಿಡ್ಕೊಳ್ತು. ಹರಳನ್ನಲ್ಲ ಅತ್ತಿಗೆ, ನನ್ನ ಕೈನ. ನಾನು ಕೊಡವಿಕೊಂಡು ಹೋದೆ.