ಪುಡಿ ಮಿಸ್

ಗಿರಣಿತಾವ ಬಲಕ್ಕ ತಿರೀಕಳಿ ಅಂದಳಲ್ಲ, ಗಿರಣಿ ಎಲ್ಲಮ್ಮ ಅಂತ ಕೇಳಿದೆ. "ಗಿರಣಿ ಇಲ್ಲ ಕಣವ್ವ, ಕೆಡವಿ ಬೋ ವರ್ಸಾಯ್ತು. ಅದು ಇದ್ದ ಜಾಗದಲ್ಲಿ ತಿರೀಕಳಿ." ಚೆಂಡು ಹೂವು ಕೀಳ್ತಿದ್ದ ಹೆಂಗಸು ಕಣ್ರೋ, ಬೆನ್ನು ನೆಟ್ಟಗೆ ಮಾಡದೇನೇ ದಾರಿ ಹೇಳ್ತಾ ಇದ್ದಳು. ಮಸ್ಕತ್ತು, ನೈರೋಬಿ, ಆಮೇಲೆ ಆ ಹಿಮ ಬೀಳೋ ಊರು, ಹೆಸರು ಬಾಯಿಗೆ ಬರ್ತಿಲ್ಲ, ಇರ್ಲಿ, ಅಷ್ಟು ಕಡೆ ನರ್ಸಾಗಿ ದುಡಿದು ಒಂದು ದಿನ ದಾರಿ ತಪ್ಪಿದವಳಲ್ಲ ನಾನು. ಹೋದ ತಿಂಗಳು ಚಾಮರಾಜನಗರದಿಂದ ಕಾರು ತಗೊಂಡು ಹೊರಟವಳು, ತೆರಕಣಾಂಬಿ ದಾಟಿದ ಮೇಲೆ, ನಾನು ಮಗ್ಗಿ ಕಲಿತ ಊರಿಗೇ ದಾರಿ ಗೊತ್ತಾಗದೆ ನಿಂತಿದ್ದೆ. ಫೋನು ಮೂರು ಸಲ ಹಿಂದಕ್ಕೆ ತಿರುಗಿ ಅಂತ ಹೇಳಿ ಬೇಸತ್ತು ಸುಮ್ಮನಾಗಿತ್ತು. "ಯಾರ್ ಮನೆಗವ್ವ?" ಅಂದಳು. ಇಸ್ಕೂಲಿಗಮ್ಮ, ಪುಟ್ಟತಾಯಮ್ಮ ಟೀಚರ್ ಇದ್ರಲ್ಲ, ಈಚೆಗೆ ತೀರಿಕೊಂಡ್ರಲ್ಲ, ಅವರ ಸಭೆಗೆ ಅಂದೆ. "ಓ, ಪುಡಿ ಮಿಸ್ಸಾ!" ಅಂದುಬಿಟ್ಟಳು. ನಲವತ್ತು ದಾಟಿರಲಿಲ್ಲ ಅವಳಿಗೆ. ಟೀಚರ್ ಅಂದ್ರೆ ನನ್ನ ಸೋದರತ್ತೆ. ಅತ್ತೆ ಆ ಊರು ಬಿಟ್ಟಾಗ ಅವಳಮ್ಮನೇ ಇನ್ನೂ ತೊಟ್ಟಿಲಲ್ಲಿದ್ದಳೋ ಏನೋ. ಯಾಕಮ್ಮ ಆ ಹೆಸರು ಅಂದ್ರೆ, "ಅದ್ಯಾನೋ ಇಸ್ಕೂಲ್ ಮಕ್ಕಳ ಆಲಿನ್ ಪುಡಿ ಕದ್ಬುಟ್ಟಿದ್ರಂತ ಕಣವ್ವ. ಒಳ್ಳೇವ್ರಂತ, ಪಾಪ." ಕದ್ದೋರೂ ಹೌದು, ಒಳ್ಳೇವ್ರೂ ಹೌದು. ನಮ್ಮ ಕಡೆ ಜನಕ್ಕೆ ಅದರಲ್ಲಿ ಏನೂ ತೊಡಕಿಲ್ಲ.

ಸಭೆ ಇದ್ದದ್ದು ಹನ್ನೊಂದಕ್ಕೆ. ಇಸ್ಕೂಲಲ್ಲಿ ಕಟ್ಟಿದ ಹೊಸ ಓದೋ ಕೋಣೆಗೆ ಅತ್ತೆ ಹೆಸರು ಇಡಬೇಕು ಅಂತ ಹಳೇ ವಿದ್ಯಾರ್ಥಿಗಳ ಆಸೆ. ಕದ್ದವರ ಹೆಸರು ಮಕ್ಕಳ ತಲೆ ಮೇಲೆ ಬರೀತೀರಾ ಅಂತ ಮಾದೇವನ ತಕರಾರು. ಮಾದೇವ ನನ್ನ ಕ್ಲಾಸಿನವನೇ, ಈಗ ಊರ ಹಿರಿಯ. ಅವತ್ತೇ ತೀರ್ಮಾನ ಆಗಬೇಕು. ಪುಡಿ ಕದ್ದದ್ದು ಯಾರು ಅಂತ ಗೊತ್ತಿದ್ದವಳು ಭೂಮಿ ಮೇಲೆ ಒಬ್ಬಳೇ ಉಳಿದಿದ್ದಳು, ಅವಳು ಇಲ್ಲದ ಗಿರಣಿ ಹುಡುಕ್ತಾ ಇದ್ದಳು.

ನನಗೆ ಆಗ ಎಂಟೋ, ಅಲ್ಲ, ಒಂಬತ್ತು ವರ್ಷ. ಅಮ್ಮ ಇರಲಿಲ್ಲ. ಅಪ್ಪ ಚಾಮರಾಜನಗರದಲ್ಲಿ ಮಂಡಿ ಕೂಲಿ, ನನ್ನ ತಂದು ತಂಗಿ ಕೈಗೆ ಒಪ್ಪಿಸಿ ಹೋಗಿದ್ದ. ಅತ್ತೆಗೆ ಮದುವೆಯಿಲ್ಲ, ಸಂಬಳ ಎರಡು ತಿಂಗಳಿಗೊಮ್ಮೆ ಬಂದ್ರೆ ಪುಣ್ಯ. ಒಂದು ಹೊತ್ತು ಮುದ್ದೆ, ಇನ್ನೊಂದು ಹೊತ್ತು ಅದೇ ಮುದ್ದೆ ನೀರಿಗೆ ಕದಡಿ ಅಂಬಲಿ, ಅದಕ್ಕೆ ಊಟ ಬದಲಾಯ್ತು ಅಂತ ಹೆಸರು. ಅತ್ತೆದು ಒಂದು ಕಟ್ಟಳೆ ಇತ್ತು, ಗೊತ್ತಾ, ಮನೇಲಿ ಅತ್ತೆ, ಇಸ್ಕೂಲ ಹೊಸಿಲು ದಾಟಿದ್ರೆ ಮಿಸ್. ಮರೆತು ಅತ್ತೆ ಅಂದ್ರೆ ಆಚೆ ಹೋಗಿ ಮತ್ತೆ "ಒಳಗೆ ಬರಲಾ ಮಿಸ್" ಅಂತ ಕೇಳ್ಕೊಂಡು ಬರ್ಬೇಕು. ಬೆಳಗ್ಗೆ ನನ್ನ ಜಡೆ ಹಾಕಿದ ಕೈಯೇ, ಹತ್ತು ಗಂಟೆಗೆ "ನಿನ್ನ ಹೆಸರೇನಮ್ಮ" ಅನ್ನೋ ಹಾಗೆ ಹಾಜರಿ ಹಾಕೋದು!

ಆ ಕಾಲಕ್ಕೆ ಯಾವುದೋ ದೇಶದಿಂದ ಹಾಲಿನ ಪುಡಿ ಬರೋದು, ದೊಡ್ಡ ಡಬ್ಬದಲ್ಲಿ. ಬಿಸಿನೀರಿಗೆ ಕಲಸಿ ಮಧ್ಯಾಹ್ನ ಎಲ್ಲರ ಲೋಟಕ್ಕೂ ಹುಯ್ಯೋರು. ಆದ್ರೆ ಒಣ ಪುಡೀನೇ ಬಾಯಿಗೆ ಹಾಕಿ ನೋಡಿ, ಅಂಗುಳಕ್ಕೆ ಅಂಟಿಕೊಂಡು ಗಂಟೆಗಟ್ಟಲೆ ಕರಗಲ್ಲ, ಹೊಟ್ಟೆ ತುಂಬಿದ ಹಾಗೇ ಇರುತ್ತೆ. ಏಳು ದಿನ ಕಣ್ರೋ, ದಿನಾ ಒಂದೊಂದು ಹಿಡಿ ಲಂಗದ ತುದೀಲಿ ಗಂಟು ಕಟ್ಕೊಂಡೆ. ಎಂಟನೇ ದಿನ ಇನ್‌ಸ್ಪೆಕ್ಟರು ಬಂದ್ರು. ಡಬ್ಬ ತೂಗಿಸಿದ್ರು, ಕಡಿಮೆ ಬಂತು. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, "ಹೆದರಬೇಡಿ ಮಕ್ಕಳೇ, ಪುಡಿ ತಗೊಂಡವರು ಯಾರು?" ಅಂತ ಬೆಣ್ಣೆ ಹಾಗೆ ಕೇಳ್ತಾ ಒಬ್ಬೊಬ್ಬರ ಮುಖ ನೋಡ್ಕೊಂಡು ಬಂದು ನನ್ನ ಮುಂದೆ ನಿಂತ್ರು. ನೀವು ಎಡವಿದ್ರೆ ಅಮ್ಮಾ ಅಂತೀರಲ್ಲ, ಹಾಗೆ, ನನಗಿದ್ದದ್ದು ಅವರೊಬ್ಬರೇ, ಬಾಯಿಂದ ಬಂದ್ಬಿಡ್ತು: "ಅತ್ತೆ!"

"ಯಾರು?"

"ಅತ್ತೆ…"

"ಅತ್ತೆ ಅಂದ್ರೆ ಯಾರು?"

ಹಿಂದಿನಿಂದ ಮಾದೇವ, ಉಪಕಾರ ಮಾಡೋ ಆಸೆ ಅವನಿಗೆ, "ನಮ್ ಮಿಸ್ಸೇ ಸಾ! ಅವ್ರೇ ಇವಳತ್ತೆ!"

ಕೂಗಿದ್ದು ಉತ್ತರ ಆಗೋಯ್ತು. ಅತ್ತೆ ನನ್ನ ಮುಖ ನೋಡಿದ್ರು. ಅವರಿಗೆ ಗೊತ್ತಾಯ್ತು, ಎರಡೂ ಗೊತ್ತಾಯ್ತು, ನಾನು ಕದ್ದದ್ದೂ, ನಾನು ಕರೆದದ್ದೂ. "ಹೌದು ಸಾರ್" ಅಂದ್ರು, ಅಷ್ಟೇ. ಸಂಜೆ ಒದೆ ಬೀಳುತ್ತೆ ಅಂತ ಮೂಲೇಲಿ ಕೂತಿದ್ದೆ. ಮುದ್ದೆ ತಿರುವ್ತಾ, "ಒಂದೇ ಪದದಲ್ಲಿ ಉತ್ತರ ಹೇಳ್ಬಾರ್ದು ಅಂತ ಎಷ್ಟು ಸಲ ಹೇಳಿವ್ನಿ ಕಣಮ್ಮಿ? ಪೂರ್ತಿ ವಾಕ್ಯ ಹೇಳ್ಬೇಕು" ಅಂದ್ರು. ಮಿಸ್ ಹೇಳೋ ಮಾತನ್ನ ಅತ್ತೆ ಬಾಯಲ್ಲಿ ಕೇಳಿದ್ದು ಅದೊಂದೇ ಸಲ.

ಅದಕ್ಕೇ ಅತ್ತೆಗೆ ಗುಂಡ್ಲುಪೇಟೆಯಾಚೆ ಕಾಡಂಚಿನ ಇಸ್ಕೂಲಿಗೆ ವರ್ಗ ಆಯ್ತು. ಹಾಜರಿಗೆ ಮಕ್ಕಳಿಗಿಂತ ಮೊದಲು ಆನೆ ಬರೋ ಜಾಗ. ನಿವೃತ್ತಿವರೆಗೂ ಆ ಸುತ್ತಲೇ ಇದ್ರು, ಅಲ್ಲಿ ಅಕ್ಷರ ಕಲಿಸಿದ ಹುಡುಗೀರಲ್ಲಿ ಇಬ್ಬರು ನನ್ನ ಹಿಂದೆ ನರ್ಸಾಗಿ ಮಸ್ಕತ್ತಿಗೂ ಬಂದ್ರು ಅನ್ನಿ. ನಾನು ರಜೆಗೆ ಬಂದಾಗೆಲ್ಲ, ಅತ್ತೆ, ಆ ಊರಿಗೆ ಹೋಗಿ ನಿಜ ಹೇಳ್ಬರ್ತೀನಿ ಅನ್ನೋಳು. "ಈಗ್ಯಾಕೆ, ಬುಡು. ರಜ ಎಷ್ಟ್ ದಿನ?" ಅನ್ನೋರು. ನಾನೂ ಬಿಟ್ಟುಬಿಡ್ತಿದ್ದೆ, ಅಷ್ಟು ಸುಲಭವಾಗಿ ಬಿಡೋಕೆ ಹೇಳೋರು ಇನ್ಯಾರು ಸಿಗ್ತಾರೆ? ಹಾಗೆ ಬಿಡ್ತಾ ಬಿಡ್ತಾ ಅವರೇ ಹೋಗ್ಬಿಟ್ರು.

ನಾನು ಮುಟ್ಟೋ ಹೊತ್ತಿಗೆ ಮೈಕು ಮಾದೇವನ ಕೈಲಿತ್ತು. "ನಾನು ಸುಳ್ಳು ಯೋಳಲ್ಲ ಕಣ್ರಪ್ಪ, ನನ್ ಕಿವೀಲೇ ಕೇಳಿವ್ನಿ. ಅವರ ಸೋದರ ಸೊಸೆನೇ ಯೋಳಿದ್ದು!" ನಿಜ ಹೇಳ್ತಿದ್ದ ಪಾಪ, ಅಲ್ಲಿದ್ದವರಲ್ಲಿ ಅವನೊಬ್ಬನೇ ಸಾಕ್ಷಿ. ಹೋಗಿ ಮೈಕು ಕಿತ್ಕೊಂಡೆ. ಪಕ್ಕದ ಕುರ್ಚಿ ಮೇಲೆ ಹಾರ ಹಾಕಿದ ಫೋಟೋ, ನೋಡಬಾರದಿತ್ತು, ನೋಡಿದೆ. "ಅತ್ತೆ…" ಅಂದೆ. ಅಳು ಬಂದ್ಬಿಡ್ತು. "ನೋಡ್ರಪ್ಪ, ಈಗ್ಲೂ ಅದ್ನೇ ಅಂತಾವ್ಳ!" ಅಂದ ಮಾದೇವ.

ಜನ ನಕ್ಕರು, ಅದೇ ಒಳ್ಳೇದಾಯ್ತು, ನನಗೆ ಸಿಟ್ಟು ಬಂತು, ಸಿಟ್ಟಿಗೆ ಅಳು ನಿಂತು ಮಾತು ಬಂತು. "ಆ ಹಾಲಿನ ಪುಡಿಯನ್ನು ಏಳು ದಿನ ಕದ್ದು ತಿಂದವಳು ನಾನು. ನಮ್ಮತ್ತೆ ಒಂದು ಚಿಟಿಕೆಯನ್ನೂ ಮುಟ್ಟಲಿಲ್ಲ. ಅವತ್ತು ನಾನು ಅವರ ಹೆಸರು ಹೇಳಲಿಲ್ಲ, ಹೆದರಿ ಅವರನ್ನು ಕೂಗಿದೆ" ಅಂದೆ, ಒಂದಕ್ಷರ ನುಂಗದೆ. ಮಾದೇವ ಟವಲ್ಲು ತೆಗೆದು ಮುಖ ಒರೆಸ್ಕೊಂಡು, "ಮೊದ್ಲೇ ಯೋಳಕ್ಕ ಏನಾಗಿತ್ತು ಕಣಮ್ಮಿ?" ಅಂದ, ಕೋಣೆ ಹೆಸರಿಗೆ ಮೊದಲ ಕೈ ಎತ್ತಿದವನೂ ಅವನೇ. ಅಷ್ಟೇ ಕಣ್ರೋ. ಯಾರಾದ್ರೂ ಏನಾದ್ರೂ ಕೇಳಿದ್ರೆ ಅರ್ಧಕ್ಕೆ ನಿಲ್ಲಿಸಿ ಅಳಬೇಡಿ, ಕೊನೇವರೆಗೂ ಹೇಳಿ ಆಮೇಲೆ ಅಳಿ.